ಕೋಲು ಎತ್ತಿದ ನಾಲ್ವರು, ಸುಮ್ಮನೆ ನಿಂತ ಏಳು ಜನ

ಬಬ್ಬೂರಿನ ಕೂಲಿಯಾಳು ಕಟಕಟೆಯಲ್ಲಿ ನಿಂತು "ಸಾಲಾಗಿ ಬಂದು ಹೊಡದ್ರು" ಎಂದದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ನ್ಯಾಯಾಲಯದಿಂದ ಪಡೆದ ನಕಲಿನಲ್ಲಿ ಆ ಮಾತಿಲ್ಲ. ಅಲ್ಲಿರುವುದು "ಒಬ್ಬರ ನಂತರ ಒಬ್ಬರು ಬಂದು ಹೊಡೆದರು". ಅವನು ಹೇಳಿದ್ದನ್ನು ನ್ಯಾಯಾಧೀಶರು ತಮ್ಮ ಮಾತಿನಲ್ಲಿ ಹೇಳಿ ಬರೆಸಿದರು, ಬೆರಳಚ್ಚುಗಾರ ತನ್ನ ವೇಗದಲ್ಲಿ ಹೊಡೆದ. ಇಷ್ಟು ವರ್ಷದ ಮೇಲೆ ನಾನು ನನಗೆ ಬೇಕಾದ ಹಾಗೆ ಕೇಳಿಸಿಕೊಳ್ಳುತ್ತಿರಬಹುದು. ಆದ್ದರಿಂದ ಮುಂದೆ ಎಲ್ಲೆಲ್ಲಿ ಕಾಗದವೂ ನನ್ನ ನೆನಪೂ ಜಗಳವಾಡುತ್ತವೋ ಅಲ್ಲಲ್ಲಿ ಹಾಗೆಂದು ಹೇಳಿಬಿಡುತ್ತೇನೆ. ಜಗಳ ಬಿಡಿಸಲು ಹೋಗುವುದಿಲ್ಲ.

ನಾನಾಗ ಚಿತ್ರದುರ್ಗದ ಸೆಷನ್ಸ್ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲ. ಮೊಕದ್ದಮೆ ಹಿರಿಯೂರು ತಾಲ್ಲೂಕಿನ ಒಂದು ಕುರಿಗಾಹಿಗಳ ಹಟ್ಟಿಯದು. ಹೊಸದುರ್ಗದ ಕಡೆಯ ಒಬ್ಬ ಕುರಿಮರಿ ವ್ಯಾಪಾರಿ ಬೆಳಿಗ್ಗೆ ಸೈಕಲ್ಲಿನ ಹಿಂದೆ ಒಂದು ಮರಿ ಕಟ್ಟಿಕೊಂಡು ಆ ಹಟ್ಟಿಯ ಪಕ್ಕದಲ್ಲಿ ಹಾದುಹೋಗುತ್ತಿದ್ದ. ಮಂದೆ ಬಿಡುವ ಹೊತ್ತು. ಮರಿಯ ಕಿವಿಯ ಅಂಚಿನಲ್ಲಿ ಆ ಹಟ್ಟಿಯವರು ತಮ್ಮ ಕುರಿಗಳಿಗೆ ಮಾಡುವ ಕಚ್ಚು ಇತ್ತು. ಕೆಲವು ತಿಂಗಳಿಂದ ಮರಿಗಳು ಕಾಣೆಯಾಗುತ್ತಿದ್ದವು. ಸಂತೆಯಲ್ಲಿ ಕೊಂಡೆ ಎಂದು ಅವನು ಹೇಳಿದನಂತೆ. ಅದು ನಿಜವೂ ಆಗಿತ್ತು. ಹಟ್ಟಿಯವರ ನೆಂಟನೊಬ್ಬನೇ ಅದನ್ನು ಸಂತೆಗೆ ತಂದು ಮಾರಿದ್ದನ್ನು ಪೊಲೀಸರು ಆಮೇಲೆ ಪತ್ತೆಮಾಡಿದರು. ಆದರೆ ಬಿಸಿಲೇರುವ ಮೊದಲೇ ವ್ಯಾಪಾರಿ ಕೋಲಿನ ಪೆಟ್ಟಿಗೆ ಸತ್ತಿದ್ದ.

ಆರೋಪಿಗಳು ಹನ್ನೊಂದು ಜನ. ಕೊಲೆಯ ಸೆಕ್ಷನ್ನು, ಅದರ ಜೊತೆಗೆ ಅಕ್ರಮ ಕೂಟದ ಸೆಕ್ಷನ್ನು, ಅಂದರೆ ಮುನ್ನೂರ ಎರಡಕ್ಕೆ ನೂರ ನಲವತ್ತೊಂಬತ್ತು ಸೇರಿಸಿದ್ದು. ಈ ನೂರ ನಲವತ್ತೊಂಬತ್ತು ಬಹಳ ಸರಳವಾದ, ಬಹಳ ಕಠಿಣವಾದ ಕಾನೂನು. ಐದು ಜನಕ್ಕೆ ಕಡಿಮೆ ಇಲ್ಲದ ಗುಂಪು ಒಂದೇ ಉದ್ದೇಶದಿಂದ ಸೇರಿದ್ದು, ಆ ಉದ್ದೇಶಕ್ಕಾಗಿ ಅವರಲ್ಲೊಬ್ಬ ಕೊಂದರೂ ಎಲ್ಲರೂ ಕೊಂದಂತೆ. ಯಾರ ಪೆಟ್ಟಿಗೆ ಸತ್ತ ಎಂದು ಹುಡುಕಬೇಕಾಗಿಲ್ಲ. ಅಲ್ಲಿದ್ದಿರಾ, ಆ ಉದ್ದೇಶಕ್ಕೆ ಇದ್ದಿರಾ, ಅಷ್ಟೇ ಪ್ರಶ್ನೆ. ಹನ್ನೊಂದು ಮನೆಗಳಿಂದ ಹನ್ನೊಂದು ಕೋಲು ಜಪ್ತಿಯಾಗಿದ್ದವು. ನನಗೆ ಇದು ಸುಲಭದ ಕೇಸಾಗಿ ಕಂಡಿತು.

ಮೊದಲ ವಾರದಲ್ಲೇ ಹಟ್ಟಿಯ ಆರು ಸಾಕ್ಷಿಗಳು ತಿರುಗಿಬಿದ್ದರು. ಒಬ್ಬ ಹೊಲದಲ್ಲಿದ್ದ. ಒಬ್ಬನಿಗೆ ಜ್ವರ. ಇನ್ನೊಬ್ಬ ಮುದುಕ, "ನಂಗೆ ಹತ್ ಮಾರು ದೂರದಾಗೆ ಏನೂ ಕಾಣಾಕಿಲ್ಲ ಸ್ವಾಮಿ" ಎಂದವನು, ಮರುಕ್ಷಣ ನ್ಯಾಯಾಲಯದ ಆ ತುದಿಯ ಗೋಡೆ ಗಡಿಯಾರ ನೋಡಿ, "ಹನ್ನೆಲ್ಡೂ ಹತ್ತಾತು, ನಮ್ ಬಸ್ ಹೊಂಟೋಗ್ತೈತೆ, ಬಿಟ್ಬಿಡ್ರಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೇಸು ಕೈಬಿಟ್ಟು ಹೋಗುತ್ತಿತ್ತು.

ಉಳಿದವನು ಬಬ್ಬೂರಿನ ಕೂಲಿಯಾಳು. ಆ ಬೆಳಿಗ್ಗೆ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದವನು ಕೂಗು ಕೇಳಿ ಕೆರೆ ಏರಿಯ ಮೇಲೆ ನಿಂತು ನೋಡಿದ್ದ. ಹಟ್ಟಿಗೆ ಸಂಬಂಧಪಟ್ಟವನಲ್ಲ, ಹೆದರಿಕೆ ಇಲ್ಲ, ಆರೋಪಿಗಳನ್ನೆಲ್ಲ ಮುಖಪರಿಚಯದಿಂದ ಬಲ್ಲ. ನಾನು ಕೇಳಿದೆ, ಯಾರು ಯಾರು ಹೊಡೆದರು. ಅವನು ಒಬ್ಬೊಬ್ಬರನ್ನೇ ತೋರಿಸಿದ. ಎಂಟನೇ ಆರೋಪಿ, ಹಲ್ಲಿಲ್ಲದ ಮುದುಕ. ಒಂಬತ್ತನೇ ಆರೋಪಿ, ಮೂವತ್ತರ ಸುಮಾರಿನ ಹೆಂಗಸು. ಹತ್ತು, ಇನ್ನೊಬ್ಬ ಹೆಂಗಸು. ಹನ್ನೊಂದು, ಕಾಲು ಕುಂಟುವ ಒಬ್ಬ.

"ಉಳಿದ ಏಳು ಜನ?"

"ಅವ್ರು ಸುಮ್ಕೆ ನಿಂತಿದ್ರು ಸಾರ್, ಸುತ್ತ. ತಲೆ ಮ್ಯಾಗಿನ್ ರುಮಾಲು ತೆಗ್ದು ಹೆಗಲ ಮ್ಯಾಲೆ ಹಾಕ್ಕಂಡಿದ್ರು."

ಎದುರು ವಕೀಲರು ಹನ್ನೊಂದು ಜನಕ್ಕೂ ಒಬ್ಬರೇ. ಅನುಭವಿ, ಮಾತು ಕಡಿಮೆ. ಪಾಟೀಸವಾಲಿಗೆ ಎದ್ದು ಕೇಳಿದ್ದು ಒಂದೇ ಪ್ರಶ್ನೆ. "ಆ ಏಳು ಜನ ಕೈ ಎತ್ತಿದ್ದನ್ನ ನೀವು ನೋಡಿಲ್ಲ, ಹೌದಲ್ಲ?" ಅವನು ಇಲ್ಲ ಎಂದ. ಅವರು ಕೂತರು.

ಕೆಲಸ ಕೆಟ್ಟಿತ್ತು. ಏಳು ಗಟ್ಟಿಮುಟ್ಟಾದ ಗಂಡಸರು ದಾರಿಹೋಕ ನೋಡುಗರಾಗಿ ಹೊರಗೆ ನಡೆಯುವರು. ಒಬ್ಬ ಮುದುಕ, ಇಬ್ಬರು ಹೆಂಗಸರು, ಒಬ್ಬ ಕುಂಟ ಜೀವಾವಧಿಗೆ ಹೋಗುವರು, ಅದೂ ನಾನೇ ಕರೆಸಿದ ಸಾಕ್ಷಿಯ ಮಾತಿನಿಂದ.

ಹೊರಗೆ ಜಗುಲಿಯಲ್ಲಿ ಒಬ್ಬ ಮುದುಕಿ ನನ್ನ ಕರಿಕೋಟಿನ ತೋಳು ಹಿಡಿದಳು. ಒಂಬತ್ತನೇ ಆರೋಪಿಯ ಅತ್ತೆ ಎಂದು ಆಮೇಲೆ ಗೊತ್ತಾಯಿತು.

"ಏನಪ್ಪ, ಸರ್ಕಾರದೋನು ನೀನೇನಾ?"

"ಹೌದಮ್ಮ."

"ನಾ ಹೋಗ್ಬೇಕಿತ್ತು ಕಣಪ್ಪ. ಮಗ ಮಂದೆ ಹೊಡ್ಕಂಡು ಭದ್ರಾ ಕಡೀಕ್ ಹೋಗಿದ್ದ. ನಂಗೆ ಮಂಡಿ ಹಿಡ್ದಿತ್ತು. ಅದ್ಕೆ ಇವಳ್ನ ಕಳಿಸ್ದೆ. ಮನೆಗೊಂದು ಹೋಗ್ಲೇಬೇಕಲ್ಲ."

"ಮನೆಗೊಂದು ಏನು?"

ಅವಳು ಎದುರು ವಕೀಲರ ಕಡೆ ನೋಡಿದಳು, ಬಾಯಿ ಬಿಗಿದಳು, ತೋಳು ಬಿಟ್ಟಳು.

ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ ಎಂದು ನನ್ನ ನೆನಪು. ಹೋಗಿರಬಹುದು. ಕಚೇರಿಯಲ್ಲಿ ಕೂತು ಕೂಲಿಯಾಳಿನ ಮಾತು, ಮುದುಕಿಯ ಮಾತು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದಂತೂ ನಿಜ. ಒಬ್ಬರಾದ ಮೇಲೆ ಒಬ್ಬರು. ಮನೆಗೊಂದು. ಸಿಟ್ಟಿನಲ್ಲಿ ಹೊಡೆಯುವ ಜನ ಸರತಿಯಲ್ಲಿ ಬರುವುದಿಲ್ಲ. ಮುದುಕಿ ಮನೆಯಿಂದ ಸೊಸೆಯನ್ನು ಕಳಿಸಬೇಕಾದರೆ ಅವಳಿಗೆ ಮೊದಲು ಕರೆ ಬಂದಿರಬೇಕು. ಕಡತ ಮೇಲಿನಿಂದ ಮತ್ತೆ ಓದಲು ಶುರುಮಾಡಿದೆ.

ಶವಪರೀಕ್ಷೆಯ ವರದಿಯಲ್ಲಿ ಗಾಯಗಳ ಪಟ್ಟಿ ಒಂದೂವರೆ ಪುಟ. ಸಾವಿಗೆ ಕಾರಣ ತಲೆಯ ಗಾಯ ಎಂಬ ಕೊನೆಯ ಸಾಲನ್ನು ನಾನು ಎಷ್ಟೋ ಸಲ ಓದಿದ್ದೆ. ನಡುವಿನ ಪುಟವನ್ನು ಓದಿರಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಪಟ್ಟಿಯ ಕೊನೆಯಲ್ಲಿ ಡಾಕ್ಟರು ಬರೆದಿದ್ದರು: ಎಡ ಭುಜದ ಹಿಂಭಾಗದಲ್ಲಿ ಮೂರು ಮಂದವಾದ ಗುರುತುಗಳು, ಹಳದಿ ಬಣ್ಣ, ಚರ್ಮದಡಿ ರಕ್ತಸ್ರಾವವಿಲ್ಲ. ಕಡತದಲ್ಲಿ ಅದರ ಹಿಂದೆಯೇ ರಾಸಾಯನಿಕ ಪರೀಕ್ಷೆಯ ವರದಿ. ಒಂದರಿಂದ ಏಳನೆಯ ಆರೋಪಿಯವರೆಗಿನವರ ಕೋಲುಗಳಲ್ಲಿ ಮನುಷ್ಯ ರಕ್ತ. ಎಂಟು, ಹತ್ತು, ಹನ್ನೊಂದರಲ್ಲಿ ಇಲ್ಲ. ಒಂಬತ್ತರ ತುದಿಯಲ್ಲಿ "ಪರೀಕ್ಷೆಗೆ ಸಾಲದಷ್ಟು ಕಲೆ".

ಡಾಕ್ಟರು ಅಷ್ಟರಲ್ಲಿ ಹೊಳಲ್ಕೆರೆಗೆ ವರ್ಗವಾಗಿದ್ದರು. ಮಾರನೆಯ ದಿನ ಮೊದಲ ಬಸ್ಸಿಗೆ ಹೋದೆ. ಹೊರರೋಗಿಗಳ ಸಾಲಿನ ನಡುವೆ ನನ್ನನ್ನೂ ಕೂರಿಸಿ, ಒಬ್ಬರ ಬೆನ್ನಿಗೆ ಸ್ಟೆತಸ್ಕೋಪು ಇಟ್ಟುಕೊಂಡೇ ಮಾತಾಡಿದರು.

"ಬದುಕಿದ್ದೋನಿಗೆ ಪೆಟ್ಟು ಬಿದ್ದರೆ ಒಳಗೆ ರಕ್ತ ಹರೀಬೇಕು. ಈ ಮೂರರಲ್ಲಿ ಹರಿದಿಲ್ಲ. ಹೃದಯ ನಿಂತ ಮೇಲೆ ಬಿದ್ದದ್ದು. ಉಸಿರು ಎಳಕಳ್ರಿ, ನಿಮಗಲ್ಲ ಸಾರ್, ಇವರಿಗೆ."

"ಕೋಲು ನಾಲ್ಕು. ಗುರುತು ಮೂರು."

"ಮೆತ್ತಗೆ ಮುಟ್ಟಿಸಿದ್ರೆ ಗುರುತೇ ಬೀಳಲ್ಲ. ಅಥವಾ ನಾಲ್ಕನೇದು ಇನ್ನೂ ಜೀವ ಇರೋವಾಗ ಬಿದ್ದು, ಬೇರೆ ಗಾಯಗಳ ಜೊತೆ ಸೇರಿ ಹೋಗಿರಬಹುದು. ನಾನು ಎರಡನ್ನೂ ಹೇಳ್ತೀನಿ. ನೀವು ಒಂದನ್ನೇ ಕೇಳಬೇಡಿ."

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಕೂರಲಾರದೆ ನಿಂತೇ ಬಂದೆ, ಸೀಟು ಖಾಲಿ ಇದ್ದರೂ. ಹೆಣಕ್ಕೆ ನಾಲ್ಕು ಜನ ಸರತಿಯಲ್ಲಿ ಬಂದು ಮೆಲ್ಲಗೆ ಕೋಲು ತಾಗಿಸುತ್ತಾರೆ. ಸುತ್ತ ಏಳು ಜನ ರುಮಾಲು ತೆಗೆದು ನಿಂತಿರುತ್ತಾರೆ. ಇದು ಹೊಡೆದಾಟವಲ್ಲ, ಏನೋ ಶಾಸ್ತ್ರ. ಯಾವ ಶಾಸ್ತ್ರ ಎಂಬುದು ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತು, ಪೊಲೀಸರಿಗೆ ಒಬ್ಬರೂ ಹೇಳಿಲ್ಲ. ಯಾಕೆ ಹೇಳಲಿಲ್ಲ?

ನ್ಯಾಯಾಲಯಕ್ಕೆ ತಿಳಿಸಿ, ಇನ್ಸ್‌ಪೆಕ್ಟರನ್ನು ಕರೆದುಕೊಂಡು ಜೀಪಿನಲ್ಲಿ ಹಟ್ಟಿಗೆ ಹೋದೆವು. ಗಂಡಸರು ಯಾರೂ ಮುಂದೆ ಬರಲಿಲ್ಲ. ಮುದುಕಿ ಬಾಗಿಲಲ್ಲೇ ಕೂತಿದ್ದಳು. ಕುಂತ್ಕಳ್ರಿ ಎಂದಳು, ಕಂಬಳಿ ತೋರಿಸಿದಳು. ಆಮೇಲೆ ಇನ್ಸ್‌ಪೆಕ್ಟರ ಖಾಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವ್ರು ಫಾರೆಸ್ಟ್‌ನೋರಾ?"

"ಅಲ್ಲ, ಪೊಲೀಸು."

"ಖಾತ್ರೀನಾ?"

ಇನ್ಸ್‌ಪೆಕ್ಟರು ತಮ್ಮ ಭುಜದ ಪಟ್ಟಿ ತೋರಿಸಬೇಕಾಯಿತು. ಫಾರೆಸ್ಟಿನವರಲ್ಲ ಎಂದು ಖಾತ್ರಿಯಾದ ಮೇಲೆ ಅವಳು ಹೇಳಿದ್ದು ತೋಳದ ಮಾತು. ಮಂದೆಗೆ ಬಿದ್ದ ತೋಳವನ್ನು ಹೊಡೆದು ಕೊಂದಾಗ ಆ ಹಟ್ಟಿಯಲ್ಲಿ ಒಂದು ಕ್ರಮವಿದೆ. ತೋಳದ ಹಗೆ ಕೊಂದವರ ಮನೆಯ ಮೇಲಷ್ಟೇ ಬೀಳಬಾರದು, ಹಟ್ಟಿಯೆಲ್ಲ ಹಂಚಿಕೊಳ್ಳಬೇಕು. ಅದಕ್ಕೆ, ತೋಳ ಸತ್ತ ಮೇಲೆ, ಕೊಂದವರು ರುಮಾಲು ತೆಗೆದು ಸುತ್ತ ನಿಲ್ಲುತ್ತಾರೆ. ಅವರಲ್ಲಿ ಹಿರಿಯನಾದವನು "ಕೋಲಿಗೆ ಬರ್ರಿ" ಎಂದು ಕೂಗುತ್ತಾನೆ. ಅಲ್ಲಿಲ್ಲದಿದ್ದ ಮನೆಗಳಿಂದ ಒಬ್ಬೊಬ್ಬರು ಬಂದು ಒಂದೊಂದು ಕೋಲು ಇಡುತ್ತಾರೆ. ಇಡುವುದು ಎಂದೇ ಅವಳು ಹೇಳಿದ್ದು, ಹೊಡೆಯುವುದು ಎಂದಲ್ಲ.

"ಇದನ್ನ ಯಾಕಮ್ಮ ಯಾರೂ ಹೇಳಲಿಲ್ಲ?" ಇನ್ಸ್‌ಪೆಕ್ಟರಿಗೆ ಸಿಟ್ಟು ಬಂದಿತ್ತು.

"ಹೇಳಿದ್ರೆ ತೋಳ ಎಷ್ಟು ಹೊಡದ್ರಿ ಅಂತ ಕೇಳ್ತಿರಿ. ತೋಳ ಹೊಡದ್ರೆ ಜೈಲು ಅಂತಾರಲ್ಲ ಈಗ."

ಮನುಷ್ಯನನ್ನು ಕೊಂದ ಆಪಾದನೆ ಹೊತ್ತು ಹನ್ನೊಂದು ಜನ ನಿಂತಿರುವಾಗ ಇಡೀ ಹಟ್ಟಿ ತೋಳದ ಕೇಸಿಗೆ ಹೆದರಿ ಬಾಯಿ ಮುಚ್ಚಿಕೊಂಡಿತ್ತು. ತೋಳದ ವಿಚಾರ ಯಾರೂ ಕೆದಕುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಹಾಗೆ ಮಾತು ಕೊಡುವ ಅಧಿಕಾರ ನನಗಿರಲಿಲ್ಲ.

"ಆವತ್ತು ಕೂಗಿದ್ದು ಯಾರು?"

"ಕೂಗಾಕೆ ಇನ್ಯಾರು ಅವ್ರೆ. ನಮ್ ಮೈದುನ."

ಮೈದುನ ಎಂದರೆ ಒಂದನೇ ಆರೋಪಿ, ಹಟ್ಟಿಯ ಹಿರಿಯ. ಹೇಳಿದವಳು ಎಲೆಯಡಿಕೆ ಚೀಲ ಬಿಚ್ಚಿದಳು. ತಾನು ಹೇಳಿದ್ದು ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೆ ಆ ಹೊತ್ತಿನಲ್ಲೇ ತಿಳಿಯಿತು ಎಂದು ನನ್ನ ಊಹೆ.

"ಇದ್ರಾಗೆ ಇವಳು ಉಳೀತಾಳಾ?"

"ಉಳಿಯಬಹುದು."

"ಅವನು?"

ಅವಳು ಎಲೆಗೆ ಸುಣ್ಣ ಹಚ್ಚಿದಳು. "ಕೂಗಿದ್ದು ಅವನು. ಅವನೇ ನೋಡ್ಕಳ್ಳಿ. ಬರಕಳ್ರಿ ನಾ ಹೇಳಿದ್ದನ್ನ."

ಇನ್ಸ್‌ಪೆಕ್ಟರು ಅಲ್ಲೇ ಹೇಳಿಕೆ ಬರೆದುಕೊಂಡರು. ಜೀಪಿನಲ್ಲಿ ನಾನು ಮಾತು ನಿಲ್ಲಿಸಲಿಲ್ಲವಂತೆ, ಅವರು ಬಹಳ ದಿನ ತಮಾಷೆ ಮಾಡುತ್ತಿದ್ದರು. ಎಲ್ಲ ತಲೆಕೆಳಗಾಗಿತ್ತು. ನಮ್ಮ ಕೂಲಿಯಾಳು ಕಂಡದ್ದು ಸತ್ಯವೇ, ಆದರೆ ಅವನು ಕೇಳಿ ನಿಂತ ಕೂಗು ಕೊಂದಾದ ಮೇಲಿನದು. ಕೋಲು ಎತ್ತಿದ ನಾಲ್ವರು ಕೊಂದವರಲ್ಲ. ಸುಮ್ಮನೆ ನಿಂತ ಏಳು ಜನ ಕೊಂದವರು, ಮತ್ತು ಅವರು ಹಾಗೆ ನಿಂತದ್ದೇ ಅದಕ್ಕೆ ಸಾಕ್ಷ್ಯ.

ಆದರೆ ದಾರಿ ಒಂದೇ ಇರಲಿಲ್ಲ. ಸುಲಭದ ದಾರಿ ಹನ್ನೊಂದು ಜನರನ್ನೂ ಹಾಗೆಯೇ ಬಿಟ್ಟು, ಶಾಸ್ತ್ರವನ್ನೂ ಹೇಳಿಸಿ, ಬೇರ್ಪಡಿಸುವುದನ್ನು ನ್ಯಾಯಾಧೀಶರಿಗೆ ಬಿಡುವುದು. ಹಾಗೆ ಬಿಟ್ಟರೆ ನಾಲ್ವರನ್ನು ಕಣ್ಣಾರೆ ಗುರುತಿಸಿದ ಸಾಕ್ಷ್ಯ ಕಡತದಲ್ಲಿ ಇರುತ್ತದೆ, ಮುದುಕಿಯ ಮಾತು ಸೊಸೆಯನ್ನು ಉಳಿಸಲು ಕಟ್ಟಿದ ಕಥೆಯಾಗುತ್ತದೆ. ಇನ್ನೊಂದು ದಾರಿ ಒಂಬತ್ತನೇ ಆರೋಪಿಗೆ ಕ್ಷಮೆ ಕೊಡಿಸಿ ಅವಳನ್ನು ಮಾಫಿ ಸಾಕ್ಷಿ ಮಾಡುವುದು. ಅದಕ್ಕೆ ಅವಳು ಅಪರಾಧದಲ್ಲಿ ತಾನೂ ಇದ್ದೆ ಎಂದು ಒಪ್ಪಬೇಕು. ಇರಲಿಲ್ಲ ಎಂಬುದೇ ನನ್ನ ವಾದ. ಮೂರನೆಯದು ನಾಲ್ವರ ಮೇಲಿನ ಮೊಕದ್ದಮೆಯನ್ನೇ ಹಿಂತೆಗೆದುಕೊಳ್ಳುವುದು. ಹಿಂತೆಗೆದರೆ ಅವರು ಬಿಡುಗಡೆ, ಮತ್ತೆ ಹಿಡಿಯಲಾಗದು. ಆಮೇಲೆ ಮುದುಕಿ ಕಟಕಟೆಯಲ್ಲಿ ಮಾತು ಬದಲಿಸಿದರೆ ಏಳು ಜನರೂ ಹೋಗುತ್ತಾರೆ, ಹನ್ನೊಂದಕ್ಕೆ ಹನ್ನೊಂದು. ಆರು ಜನ ಆಗಲೇ ಬದಲಿಸಿದ್ದರು.

ಹಿಂತೆಗೆಯಲು ನಿರ್ಧರಿಸಿದೆ. ಅನುಮತಿಯ ಕಾಗದ ಜಿಲ್ಲಾಧಿಕಾರಿ ಕಚೇರಿಯಿಂದ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಮೂರು ವಾಯಿದೆ ಮುಂದೆ ಹೋದವು. ಹೆಣಕ್ಕೆ ಅಗೌರವ ತೋರಿದ ಅಪರಾಧವಾದರೂ ಇಲ್ಲವೇ ಎಂದು ಹುಡುಕಿದೆ. ಅವಮಾನ ಮಾಡುವ ಉದ್ದೇಶ ತೋರಿಸಬೇಕು. ಕೈಬಿಟ್ಟೆ.

ಸತ್ತವನ ಹೆಂಡತಿಗೆ ನಾನೇ ಹೇಳಬೇಕಾಗಿತ್ತು. ಪ್ರತಿ ವಾಯಿದೆಗೂ ಹೊಸದುರ್ಗದಿಂದ ಬಂದು ಹಿಂದಿನ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ವಿವರಿಸಿದೆ. ಡಾಕ್ಟರ ಮಾತನ್ನೂ ಹೇಳಿದೆ. ಸತ್ತ ಮೇಲೆ ತಾಗಿಸಿದ್ದು, ಅವನಿಗೆ ನೋವು ಆಗಿರುವುದಿಲ್ಲ ಎಂದೆ. ಈ ಮಾತು ಯಾಕೆ ಆಡಿದೆನೋ ತಿಳಿಯದು.

"ಅವ್ರಿಗಾಗ್ಲಿಲ್ಲ ಅಂತೀರಿ," ಎಂದಳು. "ನಂಗಾತು."

ಅಷ್ಟೇ ಹೇಳಿ ಮುಂದಿನ ವಾಯಿದೆ ಯಾವತ್ತು ಎಂದು ಕೇಳಿದಳು.

ಹಿಂತೆಗೆತದ ಅರ್ಜಿ ಓದಿದಾಗ ಎದುರು ವಕೀಲರು ಅರ್ಧ ಎದ್ದು ಅರ್ಧಕ್ಕೇ ನಿಂತರು. ತಮ್ಮದೇ ನಾಲ್ವರು ಕಕ್ಷಿದಾರರು ಬಿಡುಗಡೆಯಾಗುವುದನ್ನು ಆಕ್ಷೇಪಿಸುವುದು ಹೇಗೆ? ಆಕ್ಷೇಪಿಸದಿದ್ದರೆ ಉಳಿದ ಏಳು ಜನರ ಗತಿ? "ಆಕ್ಷೇಪಣೆ ಇದೆಯೇ?" ಎಂದು ನ್ಯಾಯಾಧೀಶರು ಎರಡು ಸಲ ಕೇಳಿದರು. ಅವರು ಕೂತರು. ನಾಲ್ವರು ಆರೋಪಿಗಳ ಜಾಗದಿಂದ ಇಳಿದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗೋಡೆಗೆ ಒರಗಿ ನಿಂತರು.

ಡಾಕ್ಟರನ್ನು ಮತ್ತೆ ಕರೆಸಿದೆ. ಅವರು ಎರಡು ಸಾಧ್ಯತೆಗಳನ್ನೂ ಹೇಳಿದರು, ಹೇಳಿದ ಮಾತಿನಂತೆ. ನಾನು ಎರಡನ್ನೂ ಕೇಳಿದೆ. ಕೂಲಿಯಾಳು ಮತ್ತೆ ಬಂದು ರುಮಾಲು ತೆಗೆದಿದ್ದ ಏಳು ಜನರನ್ನು ತೋರಿಸಿದ. ಆಮೇಲೆ ಮುದುಕಿ.

ಕಟಕಟೆ ಹತ್ತಲು ಅವಳಿಗೆ ಎರಡು ನಿಮಿಷ ಬೇಕಾಯಿತು. ಹಟ್ಟಿಯಲ್ಲಿ ಕೊನೆಯ ತೋಳ ಹೊಡೆದದ್ದು ಯಾವಾಗ ಎಂದು ನ್ಯಾಯಾಧೀಶರೇ ಕೇಳಿದರು. "ನಮ್ ಮಾವನ ಕಾಲ್ದಾಗೆ ಸ್ವಾಮಿ. ಆಗಿನ್ನೂ ನಿಮ್ ಕಾನೂನಿರ್ಲಿಲ್ಲ." ನ್ಯಾಯಾಧೀಶರು ನಗು ನುಂಗಿ ಬರೆಸಿದರು. ಮುಂದೆ ಅವಳು ಒಂದು ಮಾತನ್ನೂ ಬದಲಿಸಲಿಲ್ಲ.

ಹಿರಿಯನನ್ನಾದರೂ ಉಳಿಸಲು ಎದುರು ವಕೀಲರು ಎದ್ದರು. "ಆವತ್ತು ಕೂಗಿದ್ದು ನಿಮ್ಮ ಮೈದುನ ಅಲ್ಲ. ಆರನೇ ಆರೋಪಿ."

ಮುದುಕಿ ಆರನೇ ಆರೋಪಿಯನ್ನು ಹುಡುಕಿ ನೋಡಿದಳು. "ಅವ್ನಾ? ಅವ್ನು ಕೂಗಿದ್ರೆ ನಾಯೂ ಬರಾಕಿಲ್ಲ ಸ್ವಾಮಿ."

ಆರನೆಯವನೂ ನಕ್ಕ. ಹಿರಿಯ ನಗಲಿಲ್ಲ.

ಕೊನೆಗೆ ಆರೋಪಿಗಳನ್ನು ಪ್ರಶ್ನಿಸುವ ಹಂತ. ಅವರ ವಿರುದ್ಧ ಬಂದ ಸಾಕ್ಷ್ಯವನ್ನು ನ್ಯಾಯಾಧೀಶರು ಒಂದೊಂದಾಗಿ ಹೇಳುತ್ತಾರೆ, ಆರೋಪಿ ಉತ್ತರಿಸಬಹುದು, ಸುಮ್ಮನಿರಲೂಬಹುದು. ಹಿರಿಯನಿಗೆ ವಕೀಲರು ಎರಡು ಉತ್ತರ ಕಲಿಸಿದ್ದರು: ಸುಳ್ಳು, ಗೊತ್ತಿಲ್ಲ. ಹನ್ನೆರಡೋ ಹದಿಮೂರೋ ಪ್ರಶ್ನೆಗೆ ಹಾಗೆಯೇ ನಡೆಯಿತು. ಕೋಲಿನ ರಕ್ತ, ಸುಳ್ಳು. ರುಮಾಲು, ಸುಳ್ಳು. ಆಮೇಲೆ ನ್ಯಾಯಾಧೀಶರು, ಕೋಲಿಗೆ ಬನ್ನಿ ಎಂದು ನೀವು ಕೂಗಿದಿರೆಂದು ಸಾಕ್ಷಿ ಹೇಳಿದ್ದಾಳೆ, ಆರನೇ ಆರೋಪಿ ಕೂಗಿದ್ದೆಂದು ನಿಮ್ಮ ವಕೀಲರು ಸೂಚಿಸಿದ್ದಾರೆ, ಏನು ಹೇಳುತ್ತೀರಿ ಎಂದರು.

ವಕೀಲರು ಗಂಟಲು ಕೆರೆದರು. ಬೆರಳಚ್ಚುಗಾರ ಕೈ ಎತ್ತಿ ಕಾದ.

"ಅದೊಂದ್ನ ಸುಳ್ಳು ಅನ್ನಾಕಾಗಲ್ಲ ಸ್ವಾಮಿ," ಎಂದ ಹಿರಿಯ. "ನಾನ್ ನಿಂತಿರುವಾಗ ಇನ್ನೊಬ್ರು ಕೂಗಾಂಗಿಲ್ಲ."

ನಕಲಿನಲ್ಲಿ ಇದು ಇದ್ದ ಹಾಗೇ ಇದೆ. ಇದೊಂದನ್ನು ನ್ಯಾಯಾಧೀಶರು ತಮ್ಮ ಮಾತಿಗೆ ತಿರುಗಿಸದೆ ಬರೆಸಿದರು.

ಅದೊಂದೇ ಮಾತು ಶಿಕ್ಷೆಗೆ ಸಾಲದು, ಸಾಲಬಾರದು ಕೂಡ. ನಾನು ವಾದದಲ್ಲಿ ಹೇಳಿದೆ: ಹಿರಿಯನ ಕೋಲು ಎಲ್ಲಿ ಬಿತ್ತು ಎಂದು ನೋಡಬೇಡಿ, ಕೋಲು ಇಟ್ಟುಕೊಳ್ಳದೆ ಬರಿಗೈಯಲ್ಲಿ ನಿಂತಿದ್ದರೂ ಅವನು ಹೊಣೆ, ಯಾಕೆಂದರೆ ಸಾವಿನ ಮೊದಲೂ ಅಲ್ಲಿದ್ದ, ಸಾಯಲಿ ಎಂದೇ ಇದ್ದ, ಸತ್ತ ಮೇಲೆ ಹೊಣೆಯನ್ನು ಊರಿಗೆ ಹಂಚಿದ. ಹೊಣೆ ಹಂಚಿದರೆ ಕಡಿಮೆಯಾಗುತ್ತದೆ ಎಂಬುದು ಹಟ್ಟಿಯ ನಂಬಿಕೆ. ಹಂಚಿದಷ್ಟೂ ಒಬ್ಬೊಬ್ಬನ ಮೇಲೂ ಪೂರ್ತಿ ಬೀಳುತ್ತದೆ ಎಂಬುದು ನೂರ ನಲವತ್ತೊಂಬತ್ತು. ಏಳು ಜನಕ್ಕೂ ಜೀವಾವಧಿಯಾಯಿತು.

ತೀರ್ಪಿನ ದಿನ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಿಜ ಹೇಳುತ್ತೇನೆ, ಏಳು ಜನರನ್ನು ವ್ಯಾನಿಗೆ ಹತ್ತಿಸುತ್ತಿರುವಾಗಲೂ ಸಂತೋಷವೇ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಹಿರಿಯೂರಿನ ಬಸ್ಸಿಗೆ ಮುದುಕಿ ಮತ್ತು ಸೊಸೆ ಕಾಯುತ್ತಿದ್ದರು. ನಾನು ಹೋಗಿ ಮಾತಾಡಿಸಿದೆ. ಇನ್ನು ಹೆದರಬೇಡಿ, ನೀವು ಹೋದಾಗ ಅವನು ಸತ್ತಿದ್ದನೆಂದು ಕೋರ್ಟೇ ಒಪ್ಪಿತು ಎಂದೆ.

ಒಂಬತ್ತನೇ ಆರೋಪಿ, ಈಗ ಆರೋಪಿಯಲ್ಲ, ಅಲ್ಲಿಯವರೆಗೆ ನನ್ನೊಡನೆ ಒಂದು ಮಾತೂ ಆಡಿರಲಿಲ್ಲ.

"ಸತ್ತಿದ್ನೋ ಬದುಕಿದ್ನೋ ನಾ ನೋಡ್ಲಿಲ್ಲ ಸಾರ್," ಎಂದಳು. "ಕೂಗಿದ್ರು, ಹೋದೆ, ಇಟ್ಟೆ. ಉಸ್ರಾಡ್ತಿದ್ರೂ ಇಡ್ತಿದ್ದೆ."

ಬಸ್ಸು ಬಂದು ನಿಂತಿತ್ತು. ಮುದುಕಿ ಅವಳ ರಟ್ಟೆ ಹಿಡಿದು ಮೆಟ್ಟಿಲ ಕಡೆ ನೂಕಿದಳು.

"ಅದ್ನ ಯಾರೂ ಕೇಳ್ಲಿಲ್ಲ ಕಣೆ. ಹತ್ತು."